ಮಕ್ಕಳಿಗೆ ಸ್ವೆಟರ್, ರೇನ್‌ಕೋಟ್, ಚಪ್ಪಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಒಂದಷ್ಟು ಜನ ಸೇರಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ಚಳಿಗಾಲಕ್ಕೆ ಮುಂಚೆ ಇನ್ನೊಮ್ಮೆ ಬಡ ಮನೆಯ ಮಕ್ಕಳಿಗೆ ಬಟ್ಟೆ ತಲುಪಿಸುವ ಕೆಲಸ ಮಾಡುತ್ತೇವೆ. ನಮ್ಮಲ್ಲಿ ಮೇಷ್ಟ್ರುಗಳಿದ್ದಾರೆ, ಟೈಲರ್ ಇದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಕಾಲೇಜು ಹುಡುಗ ಹುಡುಗಿಯರೂ ಇದ್ದಾರೆ. ಸರಕಾರಿ ಶಾಲೆ, ಅಂಗನವಾಡಿ, ಕಟ್ಟಡ ಕೆಲಸದವರ ತಗಡಿನ ಶೆಡ್, ಕಬ್ಬು ಕಡಿಯುವವರ ಜೋಪಡಿ, ಇಟ್ಟಿಗೆ ಭಟ್ಟಿ, ಹೀಗೆ ಎಲ್ಲಿ ಬೇಕೋ ಅಲ್ಲಿಗೆ ಹೋಗುತ್ತೇವೆ. ಫೋನ್ ಮಾಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೊಡುವವರ ಪ್ರಶ್ನೆ, ಪಡೆಯುವವರ ಪ್ರಶ್ನೆ ಎಂದು ಬೇರೆ ಮಾಡಿಲ್ಲ. ಎರಡೂ ಕಡೆಯವರು ಎಲ್ಲವನ್ನೂ ಓದಲಿ ಎಂಬುದೇ ನಮ್ಮ ಆಸೆ.

ನಮ್ಮ ಕರ್ನಾಟಕದಲ್ಲಿ ಅಂಥ ಚಳಿ ಎಲ್ಲಿದೆ? ಸ್ವೆಟರ್ ಅಷ್ಟು ಮುಖ್ಯನಾ?

ಗೋಡೆ, ಬಾಗಿಲು, ರಗ್ಗು ಇರುವ ಮನೆಯಲ್ಲಿ ಮಲಗಿದವರಿಗೆ ಹಾಗನ್ನಿಸುವುದು ಸಹಜ. ಆದರೆ ಬೀದರ್, ಕಲಬುರಗಿ, ವಿಜಯಪುರದ ಕಡೆ ಡಿಸೆಂಬರ್, ಜನವರಿಯಲ್ಲಿ ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಹೊಸದೇನಲ್ಲ. ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಕಮ್ಮಿಯಾದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎಂದೇ ಕರೆಯುತ್ತದೆ. ಬೆಂಗಳೂರಿನಲ್ಲೂ 1884ರ ಜನವರಿ 13ರಂದು 7.8 ಡಿಗ್ರಿ ದಾಖಲಾಗಿತ್ತು. ಈಗ ಅಷ್ಟು ಇಳಿಯದಿದ್ದರೂ ಡಿಸೆಂಬರ್ ಬೆಳಗಿನ ಜಾವ 13, 14 ಡಿಗ್ರಿ ಆಗುವುದು ಮಾಮೂಲಿ.

ಇಲ್ಲಿ ನೋಡಬೇಕಾದದ್ದು ಡಿಗ್ರಿ ಒಂದನ್ನೇ ಅಲ್ಲ, ಮಗು ಎಲ್ಲಿ ಮಲಗುತ್ತದೆ ಎಂಬುದನ್ನು. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರ ತಗಡಿನ ಶೆಡ್ ಹಗಲು ಹೊತ್ತು ಕಾದ ಹಂಚಿನ ಹಾಗಿರುತ್ತದೆ, ರಾತ್ರಿ ಬೇಗ ತಣ್ಣಗಾಗಿ ಒಳಗಡೆಯೇ ಇಬ್ಬನಿ ತೊಟ್ಟಿಕ್ಕುತ್ತದೆ. ಕೆಳಗೆ ಸಿಮೆಂಟ್ ಚೀಲ, ಅದರ ಮೇಲೆ ಒಂದು ಸೀರೆ. ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಗದ್ದೆಗಳಲ್ಲಿ ಇನ್ನೊಂದು ಕಷ್ಟ. ಕಾರ್ಖಾನೆಗಳು ಕಬ್ಬು ಅರೆಯುವುದು ಹೆಚ್ಚಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ, ಅಂದರೆ ಸರಿಯಾಗಿ ಥಂಡಿ ದಿನಗಳಲ್ಲಿ. ಅಪ್ಪ ಅಮ್ಮ ಇನ್ನೂ ಕತ್ತಲಿರುವಾಗಲೇ ಗದ್ದೆಗೆ ಇಳಿಯುತ್ತಾರೆ. ಮಕ್ಕಳು ಜೋಪಡಿಯಲ್ಲೋ, ಗದ್ದೆಯ ಬದುವಿನ ಮೇಲೋ ಇರುತ್ತಾರೆ. ಚಿಕ್ಕ ಮಕ್ಕಳ ಮೈಯಿಂದ ಬಿಸಿ ದೊಡ್ಡವರಿಗಿಂತ ಬೇಗ ಹೊರಟುಹೋಗುತ್ತದೆ. ಹೊಟ್ಟೆ ತುಂಬ ಊಟವಿಲ್ಲದ ಮಗುವಿಗೆ ಇದು ಇನ್ನೂ ಜಾಸ್ತಿ. ಹಾಗಾಗಿ ಸ್ವೆಟರ್ ಖಂಡಿತ ಮುಖ್ಯ.

ಸರಕಾರಿ ಶಾಲೆ ಮಕ್ಕಳಿಗೆ ಯೂನಿಫಾರಂ, ಶೂ ಎಲ್ಲ ಸರಕಾರವೇ ಕೊಡುತ್ತಲ್ಲ?

ಕೊಡುತ್ತದೆ, ಮತ್ತು ಅದು ಮಗುವಿನ ಹಕ್ಕು. ವಿದ್ಯಾ ವಿಕಾಸ ಯೋಜನೆಯಲ್ಲಿ 1ರಿಂದ 10ನೇ ತರಗತಿವರೆಗೆ ಸಮವಸ್ತ್ರ ಸಿಗುತ್ತದೆ. 2015-16ರಿಂದ ಶೂ, ಕಾಲುಚೀಲವೂ ಸೇರಿದೆ. ಆ ದುಡ್ಡು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ನಾವೆಲ್ಲ ಎಸ್‌ಡಿಎಂಸಿ ಅನ್ನುತ್ತೇವಲ್ಲ, ಅದಕ್ಕೆ ಬರುತ್ತದೆ. ಖರೀದಿ ಮಾಡುವುದು ಅವರೇ. ಮಳೆ ಜಾಸ್ತಿ ಇರುವ ಊರಿನಲ್ಲಿ ಶೂ ಬದಲು ಸ್ಯಾಂಡಲ್ ತೆಗೆದುಕೊಳ್ಳಲೂ ಆಮೇಲೆ ಅವಕಾಶ ಕೊಟ್ಟರು. ಅದು ಒಳ್ಳೆಯದೇ ಆಯಿತು. ಒದ್ದೆ ಶೂನಲ್ಲಿ ದಿನವಿಡೀ ಕೂತರೆ ಬೆರಳ ಸಂದಿ ಕೊಳೆಯುತ್ತದೆ.

ಎರಡನೇ ಜೊತೆ ಸಮವಸ್ತ್ರ ಬರುವುದು ತಡವಾಗುತ್ತದೆ ಎಂಬ ಗೋಳು ಹಳೆಯದು. ಅದು ಹೈಕೋರ್ಟ್‌ವರೆಗೂ ಹೋಯಿತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎರಡು ಜೊತೆ ಸಮವಸ್ತ್ರ, ಶೂ, ಕಾಲುಚೀಲ ಕೊಡಲೇಬೇಕು ಎಂದು 2019ರಲ್ಲಿ ಕೋರ್ಟ್ ಸರಕಾರಕ್ಕೆ ಹೇಳಿತು. ಆದ್ದರಿಂದ ನಿಮ್ಮ ಶಾಲೆಗೆ ಬಂದಿಲ್ಲ ಅಂದರೆ ದಾನಿಗಳನ್ನು ಹುಡುಕುವ ಮೊದಲು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ. ಸರಕಾರ ಕೊಡಬೇಕಾದದ್ದನ್ನು ನಾವು ಕೊಟ್ಟು ಸುಮ್ಮನಾದರೆ ಮುಂದಿನ ವರ್ಷವೂ ಅದೇ ಕಥೆ.

ಆದರೆ ಈ ಯೋಜನೆಯಲ್ಲಿ ಸ್ವೆಟರ್ ಇಲ್ಲ, ರೇನ್‌ಕೋಟ್ ಇಲ್ಲ. ನಾವು ಕೈ ಹಾಕಿರುವುದು ಅಲ್ಲಿಗೆ. ಉತ್ತರ ಪ್ರದೇಶದಲ್ಲಿ ಸರಕಾರಿ ಶಾಲೆ ಮಕ್ಕಳ ಪಾಲಕರ ಖಾತೆಗೆ ವರ್ಷಕ್ಕೆ 1,200 ರೂಪಾಯಿ ಹಾಕುತ್ತಾರೆ. ಸಮವಸ್ತ್ರ, ಶೂ, ಬ್ಯಾಗ್ ಜೊತೆಗೆ ಸ್ವೆಟರ್ ಕೂಡ ಅದರಲ್ಲೇ ಲೆಕ್ಕ. ನಮ್ಮಲ್ಲೂ ಬೀದರ್‌ಗೆ ಸ್ವೆಟರ್, ಆಗುಂಬೆಗೆ ರೇನ್‌ಕೋಟ್ ಅಂತ ಆಯಾ ಊರಿಗೆ ತಕ್ಕಂತೆ ಸೇರಿಸಬೇಕು ಎಂಬುದು ನಮ್ಮ ಬೇಡಿಕೆ. ನಿಮ್ಮ ಶಾಸಕರು ಊರಿಗೆ ಬಂದಾಗ ಇದನ್ನು ಕೇಳಿ.

ನಮ್ಮ ಮಗುವಿಗೆ ಬೇಕು. ಯಾರನ್ನು ಕೇಳಬೇಕು?

ಶಾಲೆಗೆ ಹೋಗುವ ಮಗುವಾದರೆ ಹೆಡ್‌ಮಾಸ್ಟರ್‌ಗೆ ಅಥವಾ ಕ್ಲಾಸ್ ಟೀಚರಿಗೆ ಹೇಳಿ. ಚಿಕ್ಕ ಮಗುವಾದರೆ ಅಂಗನವಾಡಿ ಟೀಚರಿಗೆ ಇಲ್ಲವೇ ಆಶಾ ಅಕ್ಕನಿಗೆ ಹೇಳಿ. ಪಂಚಾಯಿತಿಯಲ್ಲಿ ಕೂಸಿನ ಮನೆ, ಅಂದರೆ ಕೆಲಸಕ್ಕೆ ಹೋಗುವ ಅಮ್ಮಂದಿರ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಜಾಗ, ಇದ್ದರೆ ಅಲ್ಲಿ ನೋಡಿಕೊಳ್ಳುವವರಿಗೂ ಹೇಳಬಹುದು. ಅವರು ಹೆಸರು, ವಯಸ್ಸು, ಅಳತೆ ಬರೆದು ನಮಗೆ ಕಳಿಸುತ್ತಾರೆ. ಅರ್ಜಿ ಬರೆಯುವ ಕೆಲಸವೇನೂ ಇಲ್ಲ.

ಬಿಪಿಎಲ್ ಕಾರ್ಡ್, ಆಧಾರ್, ಆದಾಯ ಪ್ರಮಾಣಪತ್ರ ಬೇಕಾ?

ಬೇಡ. ಊರು ಬಿಟ್ಟು ಬಂದವರ ರೇಷನ್ ಕಾರ್ಡ್ ಊರಲ್ಲೇ ಅಜ್ಜಿ ಹತ್ತಿರ ಇರುತ್ತದೆ. ಕಾಗದ ಕೇಳಿದರೆ ಯಾರಿಗೆ ಹೆಚ್ಚು ಕಷ್ಟವಿದೆಯೋ ಅವರೇ ಹಿಂದೆ ಉಳಿಯುತ್ತಾರೆ.

ಇಸ್ಕೊಂಡರೆ ನಾಲ್ಕು ಜನಕ್ಕೆ ಗೊತ್ತಾಗುತ್ತೆ, ಮಗುವನ್ನು ಆಡಿಕೊಳ್ಳುತ್ತಾರೆ ಅನ್ನೋ ಭಯ.

ಈ ಭಯ ಸುಳ್ಳಲ್ಲ. ಒಂದು ಕ್ಲಾಸಿನಲ್ಲಿ ಹತ್ತು ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ "ಬಡವರಿಗೆ ಸ್ವೆಟರ್" ಎಂದು ಕೊಟ್ಟರೆ ಆ ಸ್ವೆಟರ್ ಹಾಕಿಕೊಂಡು ಬರುವ ಮಗುವಿಗೆ ಪ್ರತಿ ದಿನವೂ ಅದೇ ಹಣೆಪಟ್ಟಿ. ಅದಕ್ಕೇ ನಾವು ಶಾಲೆಗೆ ಕೊಟ್ಟರೆ ಪೂರ್ತಿ ತರಗತಿಗೆ, ಸಾಧ್ಯವಾದರೆ ಪೂರ್ತಿ ಶಾಲೆಗೆ, ಒಂದೇ ಬಣ್ಣದ್ದು ಕೊಡುತ್ತೇವೆ. ಸರಕಾರಿ ಶಾಲೆಯಲ್ಲಿ ಮಕ್ಕಳ ನಡುವೆ ಅಂಥ ಅಂತರವೂ ಇರುವುದಿಲ್ಲ. ಎಲ್ಲರಿಗೂ ಕೊಡುವಷ್ಟು ಕೈಯಲ್ಲಿ ಇಲ್ಲದಿದ್ದರೆ ಮೇಷ್ಟ್ರ ಮೂಲಕ ಮನೆಗೆ ಕಳಿಸುತ್ತೇವೆ. ಬೇರೆ ಮಕ್ಕಳಿಗೆ ಗೊತ್ತಾಗುವುದಿಲ್ಲ.

ಪಾಲಕರಿಗೆ ಒಂದು ಮಾತು. ನೀವು ಕಟ್ಟಿದ ಮನೆಯಲ್ಲಿ ಬೇರೆಯವರು ಬೆಚ್ಚಗೆ ಮಲಗಿದ್ದಾರೆ. ನೀವು ಕಡಿದ ಕಬ್ಬಿನ ಸಕ್ಕರೆ ಎಲ್ಲರ ಮನೆಯ ಟೀಗೆ ಬೀಳುತ್ತದೆ. ನಿಮ್ಮ ಮಗುವಿಗೊಂದು ಸ್ವೆಟರ್ ತೆಗೆದುಕೊಳ್ಳಲು ಸಂಕೋಚ ಬೇಡ.

ಬಟ್ಟೆ ಯಾವಾಗ ಕೊಡಬೇಕು? ಡಿಸೆಂಬರ್‌ನಲ್ಲಿ ಕೊಟ್ಟರೆ ಸಾಕಲ್ವಾ?

ಸಾಲದು. ಎಲ್ಲಕ್ಕಿಂತ ಜಾಸ್ತಿ ಇದನ್ನೇ ಹೇಳಿ ಹೇಳಿ ನಮ್ಮ ಬಾಯಿ ನೋಯುತ್ತದೆ. ಜನಕ್ಕೆ ಸ್ವೆಟರ್ ನೆನಪಾಗುವುದು ತಮಗೆ ಚಳಿ ಆದಾಗ. ಆಮೇಲೆ ಕಪಾಟು ತೆಗೆದು, ಆರಿಸಿ, ಕಟ್ಟಿಟ್ಟು, ನಮಗೆ ತಲುಪಿಸುವ ಹೊತ್ತಿಗೆ ಸಂಕ್ರಾಂತಿ ಬಂದಿರುತ್ತದೆ. ಅಳತೆ ಪ್ರಕಾರ ಬೇರೆ ಮಾಡಲು ಮತ್ತೆರಡು ವಾರ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರಲ್ಲ, ಅದರ ಹಿಂದೆಯೇ ನಮ್ಮ ಸ್ವೆಟರ್ ಹೋಗಿ ನಿಂತರೆ ಏನು ಬಂತು?

ನಮ್ಮ ಲೆಕ್ಕ ಹೀಗಿದೆ. ಮಳೆಗಾಲದ್ದು ಮೇ ತಿಂಗಳ ಎರಡನೇ ವಾರದೊಳಗೆ ನಮ್ಮ ಕೈಗೆ ಬರಬೇಕು. ಶಾಲೆ ಶುರುವಾಗುವುದು ಮೇ ಕೊನೆಗೆ, ಜೂನ್ ಮೊದಲ ವಾರಕ್ಕೆ ಕರಾವಳಿಗೆ ಮಳೆ ಹಿಡಿಯುತ್ತದೆ. ಮಗು ಹೊಸ ಪುಸ್ತಕ ತರುವ ದಿನವೇ ರೇನ್‌ಕೋಟೂ ಇರಬೇಕು. ಚಳಿಗಾಲದ್ದು ದಸರಾ ರಜೆಯ ಹೊತ್ತಿಗೆ ಬರಬೇಕು. ಅಕ್ಟೋಬರ್ 2ರಿಂದ 8ರವರೆಗೆ ದೇಶದ ತುಂಬ ದಾನ್ ಉತ್ಸವ್ ಅಂತ ಆಚರಿಸುತ್ತಾರೆ, ಆ ವಾರವನ್ನೇ ನೆನಪಿಟ್ಟುಕೊಂಡರೆ ಸುಲಭ. ದೀಪಾವಳಿ ಮುಗಿದ ಕೂಡಲೇ ನಾವು ಹಂಚಲು ಶುರು ಮಾಡುತ್ತೇವೆ. ಕಬ್ಬಿನ ತಂಡಗಳು ಗದ್ದೆಗೆ ಬಂದಿಳಿಯುವುದೂ ಸುಮಾರಾಗಿ ಆಗಲೇ.

ಮಲೆನಾಡಿನ ಮಕ್ಕಳಿಗೆ ಕೊಡೆ ಕೊಡುವುದಾ, ರೇನ್‌ಕೋಟಾ?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಅದರಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಅದು ನೆಟ್ಟಗೆ ಬೀಳುವ ಮಳೆಯಲ್ಲ, ಗಾಳಿ ಜೊತೆ ಅಡ್ಡಡ್ಡ ಹೊಡೆಯುವ ಮಳೆ. ಕೊಡೆ ತಿರುವಿಹೋಗುತ್ತದೆ, ಕಡ್ಡಿ ಮುರಿಯುತ್ತದೆ. ಕಾಲುಸಂಕ, ಅಂದರೆ ಹಳ್ಳದ ಮೇಲಿನ ಕಿರಿದಾದ ಕಾಲುಸೇತುವೆ, ದಾಟುವಾಗ ಮಗುವಿಗೆ ಎರಡು ಕೈಯೂ ಬೇಕು. ಹಾಗಾಗಿ ರೇನ್‌ಕೋಟೇ ಮೊದಲು. ಹಿಂದೆ ಇದಕ್ಕೆ ತಲೆ ಮೇಲಿಂದ ಹೊದೆಯುವ ಕಂಬಳಿ ಕೊಪ್ಪೆ ಇತ್ತು, ಬಿದಿರು, ಎಲೆಯಿಂದ ಹೆಣೆದ ಗೊರಬು ಇತ್ತು. ಎರಡರಲ್ಲೂ ಕೈ ಖಾಲಿ, ಬೆನ್ನು ಪೂರ್ತಿ ಮುಚ್ಚಿರುತ್ತಿತ್ತು. ಹಿರಿಯರು ಬುದ್ಧಿವಂತರು.

ರೇನ್‌ಕೋಟ್ ತರುವಾಗ ನಾವು ನೋಡುವುದು ಇಷ್ಟು. ಬ್ಯಾಗ್ ಮೇಲೆಯೇ ಹಾಕಿಕೊಳ್ಳುವಷ್ಟು ದೊಗಳೆ ಇರಬೇಕು, ಇಲ್ಲದಿದ್ದರೆ ಮಗು ನೆನೆಯದಿದ್ದರೂ ಪುಸ್ತಕ ನೆನೆಯುತ್ತದೆ. ಮೊಣಕಾಲಿನಿಂದ ಕೆಳಗೆ ಬರಬೇಕು. ಬಣ್ಣ ಹಳದಿಯೋ, ಕಿತ್ತಳೆಯೋ ಆಗಿರಲಿ, ಮಂಜು ಕವಿದ ರಸ್ತೆಯಲ್ಲಿ ಬಸ್ಸಿನವರಿಗೆ ದೂರದಿಂದ ಕಾಣಬೇಕು. ತೆಳು ಪ್ಲಾಸ್ಟಿಕ್‌ನದು ಬೇಡ. ಒಂದೇ ವಾರಕ್ಕೆ ಕಂಕುಳ ಹತ್ತಿರ ಹರಿಯುತ್ತದೆ. ಜೊತೆಗೆ ಇನ್ನೊಂದು ಜೊತೆ ಚಡ್ಡಿ, ಅಂಗಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಶಾಲೆಯಲ್ಲೇ ಇಡಲು ಮೇಷ್ಟ್ರಿಗೆ ಹೇಳುತ್ತೇವೆ. ನೆನೆದು ಬಂದ ಮಗು ಬದಲಾಯಿಸಿಕೊಂಡು ಕೂರಬಹುದು. ಇದಕ್ಕೆ ಖರ್ಚು ಕಮ್ಮಿ, ಉಪಯೋಗ ತುಂಬ.

ಹಳೇ ಬಟ್ಟೆ ಕೊಡಬಹುದಾ?

ಕೊಡಬಹುದು. ಆದರೆ ನಿಮ್ಮ ಅಕ್ಕನ ಮಗುವಿಗೆ, ತಮ್ಮನ ಮಗುವಿಗೆ ಹಾಕಲು ಮನಸ್ಸು ಬರುವಂಥದ್ದಾಗಿದ್ದರೆ ಮಾತ್ರ. ಒಗೆದು, ಒಣಗಿಸಿ, ಗುಂಡಿ ಹಾಕಿ, ಜಿಪ್ ಸರಿಯಿದೆಯಾ ನೋಡಿ ಕೊಡಿ. ಕಾಲರ್ ಜಡ್ಡುಗಟ್ಟಿದ್ದು, ಮಂಡಿ ಹರಿದದ್ದು, ಕಂಕುಳಲ್ಲಿ ಕಲೆ ಕೂತದ್ದು ಬೇಡ.

2004ರ ಸುನಾಮಿ ಆದಾಗ ತಮಿಳುನಾಡಿಗೆ ದೇಶದ ಮೂಲೆಮೂಲೆಯಿಂದ ಲಾರಿಗಟ್ಟಲೆ ಬಟ್ಟೆ ಬಂತು. ಅಲ್ಲಿನವರು ಉಡದಂಥ, ಹಾಕಲಾಗದಂಥ ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ಬಿದ್ದು ಕೊಳೆಯಿತು. ಅದನ್ನು ಎತ್ತಿ, ಬೇರೆ ಮಾಡಿ, ಉಪಯೋಗಕ್ಕೆ ತಂದವರಲ್ಲಿ ದೆಹಲಿಯ ಗೂಂಜ್ ಸಂಸ್ಥೆಯೂ ಒಂದು. ಅಂಶು ಗುಪ್ತಾ ಅದನ್ನು 1999ರಲ್ಲಿ ಶುರು ಮಾಡಿದ್ದು ಸ್ವಂತ ಮನೆಯ ಕಪಾಟಿನಿಂದ ತೆಗೆದ 67 ಬಟ್ಟೆಗಳಿಂದ. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಹಳ್ಳಿಗಳಲ್ಲಿ ಬಟ್ಟೆಯನ್ನು ಸುಮ್ನೆ ಹಂಚುವುದಿಲ್ಲ. ಊರಿನವರೇ ಸೇರಿ ಬಾವಿಯನ್ನೋ, ರಸ್ತೆಯನ್ನೋ ಸರಿ ಮಾಡಿಕೊಂಡರೆ ಆ ದುಡಿಮೆಗೆ ಗೌರವವಾಗಿ ಬಟ್ಟೆ ಕೊಡುತ್ತಾರೆ. ಮಕ್ಕಳ ವಿಷಯದಲ್ಲಿ ನಾವು ಆ ದಾರಿ ಹಿಡಿದಿಲ್ಲ, ಮಗು ಏನನ್ನೂ ದುಡಿದು ಪಡೆಯಬೇಕಾಗಿಲ್ಲ. ಆದರೆ ಅವರಿಂದ ಒಂದು ಪಾಠ ಕಲಿತಿದ್ದೇವೆ: ಮೊದಲು ಕೇಳು, ಆಮೇಲೆ ಕಳಿಸು.

ಹರಿದ ಬಟ್ಟೆ, ಹಳೇ ಸೀರೆ ಏನು ಮಾಡಲಿ?

ಹತ್ತಿಯದಾದರೆ ಬೇರೆ ಚೀಲದಲ್ಲಿ ಹಾಕಿ ಕೊಡಿ. ಉತ್ತರ ಕರ್ನಾಟಕದಲ್ಲಿ ಕೌದಿ ಹೊಲಿಯುವ ಅಜ್ಜಿಯಂದಿರು ಇನ್ನೂ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿ ನೋಡಲೂ ಚೆಂದ, ಹೊದ್ದರೂ ಬೆಚ್ಚಗೆ. ನಾಲ್ಕೈದು ಹಳೇ ಸೀರೆ ಸೇರಿದರೆ ಇಬ್ಬರು ಮಕ್ಕಳು ಹೊದೆಯುವಷ್ಟು ದೊಡ್ಡದೊಂದು ಕೌದಿ ಆಗುತ್ತದೆ. ಹೊಲಿದವರಿಗೆ ಕೂಲಿ ಕೊಡಲು ನಾವು ದುಡ್ಡು ತೆಗೆದಿಡುತ್ತೇವೆ. ಅವರ ಕೈಕೆಲಸವನ್ನು ಪುಕ್ಕಟೆ ಕೇಳುವುದಿಲ್ಲ.

ಎಲ್ಲರೂ ಕೊಡುವುದು ಯಾವುದು, ಯಾರೂ ಕೊಡದೇ ಇರುವುದು ಯಾವುದು?

ಎಲ್ಲರೂ ಕೊಡುವುದು ಎರಡರಿಂದ ಆರು ವರ್ಷದ ಮಕ್ಕಳ ಬಟ್ಟೆ. ಆ ವಯಸ್ಸಿನಲ್ಲಿ ಬೇಗ ಚಿಕ್ಕದಾಗುತ್ತದೆ, ಹಾಳಾಗಿರುವುದಿಲ್ಲ. ಹುಟ್ಟುಹಬ್ಬದ ಜರಿ ಫ್ರಾಕಂತೂ ಗಂಟುಗಟ್ಟಲೆ ಬರುತ್ತದೆ.

ಯಾರೂ ಕೊಡದೇ ಇರುವುದು ಹನ್ನೊಂದರಿಂದ ಹದಿನಾರರವರ ಬಟ್ಟೆ. ಅದರಲ್ಲೂ ಹುಡುಗಿಯರದ್ದು. ಏಳನೇ ಕ್ಲಾಸಿನ ಹುಡುಗಿ ಅಮ್ಮನ ಹಳೇ ಸ್ವೆಟರಿನ ತೋಳು ಮಡಚಿಕೊಂಡು ಬರುವುದನ್ನು ಯಾವ ಶಾಲೆಯಲ್ಲಾದರೂ ನೋಡಬಹುದು. ಮತ್ತೆ ಒಳ ಉಡುಪು. ಬನಿಯನ್, ಚಡ್ಡಿ, ಸ್ಲಿಪ್, ಕಾಲುಚೀಲ. ಇವನ್ನು ಹೊಸದೇ ಕೊಡಬೇಕು, ಹಾಗಾಗಿ ಹಳೇ ಬಟ್ಟೆ ಮೂಟೆಯಲ್ಲಿ ಬರುವುದೇ ಇಲ್ಲ. ಒಂದು ಸಲ ಒಂದು ವಸತಿ ಶಾಲೆಯ ವಾರ್ಡನ್ ಅಕ್ಕ ನಮಗೆ ಮೆಲ್ಲಗೆ ಹೇಳಿದರು: "ಸ್ವೆಟರ್ ಹೆಂಗರ ಮಾಡಿ ಹೊಂದಿಸ್ತೇವ್ರಿ. ಹುಡುಗ್ಯಾರಿಗೆ ಒಳಗ ಹಾಕ್ಕೊಳ್ಳೂದಕ್ಕ ಎರಡೆರಡು ಜೋಡಿ ಕೊಡಿಸಿದ್ರ ಭಾಳ ಉಪಕಾರ ಆಕ್ಕೈತಿ. ಮಳಿಗಾಲದಾಗ ಒಣಗೂದಿಲ್ರಿ, ಹಸೀದನ್ನ ಹಾಕ್ಕೋತಾವ." ಅವತ್ತಿನಿಂದ ನಮ್ಮ ಪಟ್ಟಿಯಲ್ಲಿ ಮೊದಲ ಸಾಲೇ ಒಳ ಉಡುಪು. ದುಡ್ಡು ಕೊಡುವವರು ಇದಕ್ಕೇ ಅಂತ ಹೇಳಿ ಕೊಟ್ಟರೆ ನಮಗೆ ತುಂಬ ಖುಷಿ.

ಅಳತೆ ಹೇಗೆ ಹೇಳುವುದು? "ಎಂಟು ವರ್ಷದ ಹುಡುಗ" ಅಂದರೆ ಸಾಕಾ?

ಸಾಲದು. ಒಂದೇ ಬೆಂಚಿನಲ್ಲಿ ಕೂತ ಎಂಟು ವರ್ಷದ ಇಬ್ಬರಲ್ಲಿ ಒಬ್ಬನಿಗೆ 24 ಆದರೆ ಇನ್ನೊಬ್ಬನಿಗೆ 28 ಬೇಕಾಗುತ್ತದೆ. ಅಂಗಡಿಯ ವಯಸ್ಸಿನ ಲೆಕ್ಕ ಚೆನ್ನಾಗಿ ಉಂಡು ಬೆಳೆದ ಮಕ್ಕಳದ್ದು. ಟೇಪನ್ನು ಕಂಕುಳ ಕೆಳಗಿನಿಂದ ಎದೆ ಸುತ್ತ ಹಿಡಿಯಿರಿ. ಇಂಚಿನಲ್ಲಿ ಎಷ್ಟು ಬರುತ್ತದೋ ಅದಕ್ಕೆ ಎರಡು ಮೂರು ಇಂಚು ಸೇರಿಸಿ ಬರೆಯಿರಿ. ಒಳಗೆ ಅಂಗಿ ಇರುತ್ತದೆ, ಮುಂದಿನ ವರ್ಷಕ್ಕೂ ಬರಬೇಕು. ತೋಳು ಉದ್ದ ಇದ್ದರೆ ಮಡಚಿಕೊಳ್ಳಬಹುದು, ಗಿಡ್ಡ ಆದರೆ ಏನೂ ಮಾಡಲಾಗದು. ಕಾಲಿನ ಅಳತೆಗೆ ಮಗುವನ್ನು ಹಳೇ ಪೇಪರ್ ಮೇಲೆ ನಿಲ್ಲಿಸಿ ಪೆನ್ಸಿಲಿನಿಂದ ಸುತ್ತ ಗೀಟು ಎಳೆಯಿರಿ. ಅದರ ಮೇಲೆ ಹೆಸರು ಬರೆದು ಕಳಿಸಿ. ಚಪ್ಪಲಿ ಅಂಗಡಿಯವರಿಗೆ ಆ ಪೇಪರ್ ಕೊಟ್ಟರೆ ಸಾಕು.

ಉಣ್ಣೆ ಸ್ವೆಟರ್ ಒಳ್ಳೆಯದಾ, ಅಕ್ರಿಲಿಕ್ ಒಳ್ಳೆಯದಾ? ಕಂಬಳಿ?

ಉಣ್ಣೆಯದು ಒದ್ದೆಯಾದರೂ ಸ್ವಲ್ಪ ಬಿಸಿ ಉಳಿಸಿಕೊಳ್ಳುತ್ತದೆ, ಬೆಂಕಿ ಬೇಗ ಹತ್ತುವುದಿಲ್ಲ. ಆದರೆ ದುಬಾರಿ, ಚುಚ್ಚುತ್ತದೆ, ಒಗೆಯುವುದು ಕಷ್ಟ. ಮಾರುಕಟ್ಟೆಯಲ್ಲಿ ನೂರು ಇನ್ನೂರಕ್ಕೆ ಸಿಗುವ ಮಕ್ಕಳ ಸ್ವೆಟರುಗಳು ಹೆಚ್ಚಾಗಿ ಅಕ್ರಿಲಿಕ್. ಹಗುರ, ಬೇಗ ಒಣಗುತ್ತದೆ, ಬಣ್ಣ ಹೋಗುವುದಿಲ್ಲ. ದಿನಬಳಕೆಗೆ ಅದೇ ಸರಿ. ಆದರೆ ಒಂದು ಎಚ್ಚರ. ಅಕ್ರಿಲಿಕ್, ಪಾಲಿಯೆಸ್ಟರ್ ಕಿಡಿ ಬಿದ್ದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ನಮ್ಮ ಮಕ್ಕಳು ಬೆಳಿಗ್ಗೆ ಎದ್ದು ಮೊದಲು ಮಾಡುವುದೇ ಕಸ ಕಡ್ಡಿ ಗುಡ್ಡೆ ಹಾಕಿ ಬೆಂಕಿ ಕಾಯಿಸುವುದು. ಸ್ವೆಟರ್ ಕೊಡುವಾಗಲೇ ಅಮ್ಮಂದಿರಿಗೆ ಇದನ್ನು ಹೇಳುತ್ತೇವೆ. ಜೋಲಾಡುವ ಶಾಲು ಬೇಡ, ಬೆಂಕಿಯಿಂದ ಒಂದು ಮಾರು ದೂರ ಕೂರಿಸಿ.

ಇನ್ನೂ ದೊಡ್ಡ ಅಪಾಯ ಇನ್ನೊಂದಿದೆ. ಶೆಡ್ಡಿನ ಬಾಗಿಲು ಹಾಕಿಕೊಂಡು ಒಳಗೆ ಕೆಂಡದ ಬಾಣಲೆ ಇಟ್ಟು ಮಲಗಲೇಬೇಡಿ. ಇದ್ದಿಲಿನಿಂದ ಬರುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಮಲಗಿದಲ್ಲೇ ಹೋಗಿಬಿಡುತ್ತಾರೆ. ಒಂದು ಕಂಬಳಿ ಜಾಸ್ತಿ ಬೇಕಾದರೆ ನಮ್ಮನ್ನು ಕೇಳಿ, ದಯವಿಟ್ಟು.

ಹೊದೆಯಲು ಚಳ್ಳಕೆರೆ ಕಡೆಯ ಕರಿ ಕಂಬಳಿಗೆ ಸಮ ಯಾವುದೂ ಇಲ್ಲ. ಕುರಿ ಉಣ್ಣೆಯಿಂದ ಕೈಮಗ್ಗದಲ್ಲಿ ನೇಯ್ದದ್ದು, ವರ್ಷಗಟ್ಟಲೆ ಬಾಳಿಕೆ ಬರುತ್ತದೆ, ಹಾಸಲೂ ಆಗುತ್ತದೆ. ದುಡ್ಡು ಇದ್ದಾಗ ಮನೆಗೊಂದು ತರುತ್ತೇವೆ. ನೇಯುವ ಕುರುಬರ ಮನೆಗೂ ನಾಲ್ಕು ಕಾಸು ಹೋಗುತ್ತದೆ.

ಒಂದು ದಪ್ಪ ಜರ್ಕಿನ್ ಕೊಡುವುದಾ, ಎರಡು ತೆಳು ಬಟ್ಟೆ ಕೊಡುವುದಾ?

ಎರಡು ತೆಳು. ನಡುವೆ ನಿಂತ ಗಾಳಿಯೇ ಬಿಸಿ ಹಿಡಿಯುತ್ತದೆ. ಹತ್ತು ಗಂಟೆಗೆ ಬಿಸಿಲು ಏರಿದಾಗ ಮಗು ಒಂದನ್ನು ತೆಗೆಯಬಹುದು. ಕತ್ತಿನ ಹತ್ತಿರ ದಾರ ಇರುವ ಟೋಪಿ ಜರ್ಕಿನ್ ಇದ್ದರೆ ದಾರ ತೆಗೆದುಬಿಡಿ, ಆಡುವಾಗ ಎಲ್ಲಾದರೂ ಸಿಕ್ಕಿಕೊಂಡು ಕುತ್ತಿಗೆಗೆ ಬಿಗಿಯುತ್ತದೆ.

ಹಸುಗೂಸಿಗೆ ಏನು ಬೇಕು?

ಕುಲಾವಿ, ಕಾಲುಚೀಲ, ಮೆತ್ತನೆ ಹತ್ತಿ ಬಟ್ಟೆ, ಸುತ್ತಲು ಒಂದು ಟವೆಲ್. ನಾವು ಎಷ್ಟು ಪದರ ಹಾಕಿಕೊಂಡಿರುತ್ತೇವೋ ಅದಕ್ಕಿಂತ ಒಂದು ಪದರ ಜಾಸ್ತಿ ಸಾಕು. ಹುಟ್ಟಿದ ಮಗುವಿನ ಮೈ ಬಿಸಿ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋಗಬಾರದು. ಥರ್ಮಾಮೀಟರ್ ಇಲ್ಲದಿದ್ದರೆ ಹೊಟ್ಟೆ, ಪಾದ ಎರಡನ್ನೂ ಮುಟ್ಟಿ ನೋಡಿ. ಪಾದ ಮಾತ್ರ ತಣ್ಣಗಿದ್ದರೆ ಬೆಚ್ಚಗೆ ಮಾಡಬೇಕು. ಹೊಟ್ಟೆಯೂ ತಣ್ಣಗಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ತೂಕ ಕಮ್ಮಿ ಇರುವ ಕೂಸನ್ನು ಅಮ್ಮ ಬರಿ ಎದೆಗೆ ಅಪ್ಪಿಕೊಂಡು ಮೇಲೆ ಹೊದ್ದರೆ ಅದಕ್ಕಿಂತ ಒಳ್ಳೆಯ ಸ್ವೆಟರ್ ಯಾವುದೂ ಇಲ್ಲ. ಹೇಗೆಂದು ಆಶಾ ಅಕ್ಕ ತೋರಿಸಿಕೊಡುತ್ತಾರೆ.

ಹೋದ ವಾರ ಕೊಟ್ಟ ಸ್ವೆಟರನ್ನು ಮಗು ಹಾಕಿಕೊಂಡೇ ಇಲ್ಲ. ಮಾರಿಕೊಂಡರಾ?

ಹಾಗೆ ಅನುಮಾನಪಡುವ ಮೊದಲು ಮನೆಗೆ ಹೋಗಿ ನೋಡಿ. ನಾವು ನೋಡಿದಂತೆ ಕಾರಣಗಳೇ ಬೇರೆ. ಒಂದು ಶೆಡ್ಡಿನಲ್ಲಿ ಹೊಸ ಸ್ವೆಟರ್ ಮಡಿಕೆ ಬಿಚ್ಚದೆ ಟ್ರಂಕಿನಲ್ಲಿ ಕೂತಿತ್ತು. ಅದರ ಮೇಲೆ ನುಸಿಗುಳಿಗೆ ಬೇರೆ. "ಊರ ಜಾತ್ರಿಗೆ ಹಾಕ್ಕೊಂಡು ಹೋಗ್ತಾನ್ರಿ, ಇಲ್ಲಿ ಹಾಕಿದ್ರ ಸಿಮೆಂಟ್ ಮೆತ್ತಿಕೊಂಡು ಹಾಳಾಗ್ತೈತಿ" ಅಂದಳು ಆ ತಾಯಿ. ಅವಳ ಮಟ್ಟಿಗೆ ಅದು ಮಗನಿಗೆ ಬಂದ ಮೊದಲ ಹೊಸ ಉಡುಪು. ಹಾಳು ಮಾಡಲು ಮನಸ್ಸು ಬಂದಿಲ್ಲ. ಆಮೇಲಿನಿಂದ ಆದಷ್ಟು ಎರಡು ಕೊಡಲು ನೋಡುತ್ತೇವೆ, ಒಂದು ದಿನಕ್ಕೆ, ಒಂದು ಜಾತ್ರೆಗೆ. ಬಿಳಿ, ತಿಳಿ ಗುಲಾಬಿ ಬೇಡ, ಕಡು ನೀಲಿ, ಮರೂನ್ ಇರಲಿ ಅನ್ನುವುದೂ ಇದಕ್ಕೇ. ಟ್ಯಾಂಕರ್ ನೀರಿಗೆ ಕಾಯುವ ಮನೆಯಲ್ಲಿ ವಾರಕ್ಕೊಮ್ಮೆ ಒಗೆಯುವುದೇ ಕಷ್ಟ.

ಕೆಲವು ಸಲ ಅಣ್ಣನದ್ದು ತಂಗಿ ಹಾಕಿಕೊಂಡಿರುತ್ತಾಳೆ. ಅದರಲ್ಲಿ ತಪ್ಪೇನಿದೆ? ತಂಗಿಗೂ ಒಂದು ಬೇಕು ಅಂತ ಪಟ್ಟಿಗೆ ಸೇರಿಸಿಕೊಂಡು ಬನ್ನಿ.

ದುಡ್ಡು ಕೊಡಲಾ, ಬಟ್ಟೆ ಕೊಡಲಾ? 80ಜಿ ಸಿಗುತ್ತಾ?

ಪಟ್ಟಿ ನೋಡಿ ಹೊಸದು ತಂದುಕೊಡುವವರಿದ್ದರೆ ಬಟ್ಟೆ ಕೊಡಿ. ಇಲ್ಲದಿದ್ದರೆ ದುಡ್ಡು ಒಳ್ಳೆಯದು. ಒಟ್ಟಿಗೆ ಕೊಂಡರೆ ಅಗ್ಗ, ಬೇಕಾದ ಅಳತೆಯದ್ದೇ ತರಬಹುದು. ನಾವು ಕೊಳ್ಳುವುದು ಹೆಚ್ಚಾಗಿ ಚಿಕ್ಕಪೇಟೆಯ ಹೋಲ್‌ಸೇಲ್ ಅಂಗಡಿಗಳಲ್ಲಿ. ಚಳಿಗಾಲದಲ್ಲಿ ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ರಸ್ತೆ ಬದಿಯಲ್ಲಿ ಟಿಬೆಟನ್ನರು ಸ್ವೆಟರ್ ಅಂಗಡಿ ಹಾಕುತ್ತಾರಲ್ಲ, ಅವರ ಮಾಲು ಹೆಚ್ಚಿನದ್ದು ಲುಧಿಯಾನಾದಿಂದ ಬರುತ್ತದೆ. ಸೀಸನ್ ಮುಗಿಯುವಾಗ, ಜನವರಿ ಕೊನೆಗೆ, ಉಳಿದ ಮಾಲನ್ನು ಕಮ್ಮಿ ಬೆಲೆಗೆ ಕೊಡುತ್ತಾರೆ. ಮುಂದಿನ ವರ್ಷದ್ದನ್ನು ಆಗಲೇ ಕೊಂಡಿಟ್ಟುಕೊಳ್ಳುವುದು ಜಾಣತನ.

80ಜಿ ವಿಷಯ: ಬಟ್ಟೆ, ವಸ್ತು ಕೊಟ್ಟದ್ದಕ್ಕೆ ತೆರಿಗೆ ವಿನಾಯಿತಿ ಇಲ್ಲ. ದುಡ್ಡಿಗೆ ಮಾತ್ರ, ಅದೂ ನೋಂದಣಿ ಇರುವ ಟ್ರಸ್ಟಿಗೆ ಕೊಟ್ಟರೆ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಲೆಕ್ಕಕ್ಕಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಇದು ಸಿಗುವುದಿಲ್ಲ. ನಾವು ಟ್ರಸ್ಟ್ ಅಲ್ಲ, ಹಾಗಾಗಿ ವಿನಾಯಿತಿ ಬೇಕಾದವರು ನೋಂದಾಯಿತ ಸಂಸ್ಥೆಗೆ ಕೊಡಿ. ನಮಗೆ ಕೊಟ್ಟರೆ ಬಿಲ್ ತೋರಿಸುತ್ತೇವೆ.

ನನಗೆ ಹೆಣಿಗೆ ಬರುತ್ತೆ. ನಾನೇ ಹೆಣೆದು ಕೊಡಲಾ?

ಖಂಡಿತ. ಹಸುಗೂಸಿನ ಕುಲಾವಿ, ಕಾಲುಚೀಲದಿಂದ ಶುರು ಮಾಡಿ, ಬೇಗ ಮುಗಿಯುತ್ತದೆ. ಮಣಿ, ಸಡಿಲ ಗುಂಡಿ ಹಚ್ಚಬೇಡಿ, ಕೂಸು ಬಾಯಿಗೆ ಹಾಕಿಕೊಳ್ಳುತ್ತದೆ.

ಹಂಚುವಾಗ ಫೋಟೋ ತೆಗೆಯಬಹುದಾ? ಕಂಪನಿಗೆ ತೋರಿಸಬೇಕು.

ಬಟ್ಟೆಯ ಕಟ್ಟಿನ ಫೋಟೋ ತೆಗೆಯಿರಿ, ಪಟ್ಟಿಯ ಫೋಟೋ ತೆಗೆಯಿರಿ, ನಿಮ್ಮ ತಂಡ ಬಟ್ಟೆ ಬೇರೆ ಮಾಡುತ್ತಿರುವುದನ್ನು ತೆಗೆಯಿರಿ. ಮಗುವಿನ ಮುಖ ಬೇಡ. ಕೈ ಚಾಚಿ ನಿಂತ ಮಗುವಿನ ಫೋಟೋ ಒಮ್ಮೆ ಫೋನಿಗೆ ಹೋದರೆ ಅದು ಎಲ್ಲೆಲ್ಲಿ ಸುತ್ತುತ್ತದೋ ಯಾರಿಗೆ ಗೊತ್ತು. ಆ ಮಗು ನಾಳೆ ದೊಡ್ಡವನಾಗುತ್ತಾನೆ, ಕೆಲಸಕ್ಕೆ ಸೇರುತ್ತಾನೆ. ನಮ್ಮ ಮಕ್ಕಳ ಫೋಟೋ ಹಾಗೆ ಹಾಕಿದರೆ ನಾವು ಸುಮ್ಮನಿರುತ್ತೇವಾ? ಈ ವಿಷಯದಲ್ಲಿ ಒಪ್ಪದಿದ್ದವರ ಬಟ್ಟೆಯನ್ನು ನಾವು ತೆಗೆದುಕೊಂಡಿಲ್ಲ. ಮುಂದೆಯೂ ತೆಗೆದುಕೊಳ್ಳುವುದಿಲ್ಲ. ಸ್ಟೇಜು, ಬ್ಯಾನರು, ಭಾಷಣವೂ ಬೇಡ.

ಬೇಸಿಗೆಗೆ ಏನಾದರೂ ಕೊಡುತ್ತೀರಾ?

ಚಪ್ಪಲಿ, ಬಟ್ಟೆಯ ಟೋಪಿ, ತೆಳು ಹತ್ತಿ ಅಂಗಿ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಟಾರು ರಸ್ತೆ ಮೇಲೆ ಬರಿಗಾಲಲ್ಲಿ ನಡೆದರೆ ಅಂಗಾಲಲ್ಲಿ ಬೊಬ್ಬೆ ಏಳುತ್ತದೆ. ಆಗ ಶಾಲೆಗೆ ರಜೆ, ಮೇಷ್ಟ್ರ ಮೂಲಕ ಕೊಡಲು ಆಗುವುದಿಲ್ಲ. ಹಾಗಾಗಿ ಮಾರ್ಚ್ ಪರೀಕ್ಷೆ ಸಮಯದಲ್ಲೇ ಕೊಟ್ಟುಬಿಡುತ್ತೇವೆ.

ರಾತ್ರಿ ರಸ್ತೆ ಬದಿಯಲ್ಲಿ ನಡುಗುತ್ತಿರುವ ಮಗು ಕಂಡರೆ?

ಮೊದಲು 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಬೀಳುವುದಿಲ್ಲ. ಮಗು ಒಂಟಿಯಾಗಿದ್ದರೆ ಅವರು ಬರುವವರೆಗೆ ಹತ್ತಿರದಲ್ಲೇ ನಿಲ್ಲಿ. ಮಾತು ತೊದಲುತ್ತಿದ್ದರೆ, ತುಂಬ ಮಂಕಾಗಿದ್ದರೆ 108ಕ್ಕೆ ಮಾಡಿ. ಒದ್ದೆ ಬಟ್ಟೆ ತೆಗೆದು ಒಣಗಿದ್ದನ್ನು ಹೊದಿಸಿ. ಕೈಕಾಲು ಗಟ್ಟಿಯಾಗಿ ತಿಕ್ಕಬೇಡಿ. ಮನೆಯವರ ಜೊತೆ ಇರುವ ಮಗುವಾದರೆ ಅವರ ಹತ್ತಿರ ಮಾತಾಡಿ, ಯಾವ ಜಾಗ, ಎಷ್ಟು ಮಕ್ಕಳು ಅಂತ ನಮಗೆ ತಿಳಿಸಿ.

ಹಂಚಿ ಉಳಿದದ್ದನ್ನು ಏನು ಮಾಡುತ್ತೀರಿ?

ಒಗೆದು, ಅಳತೆ ಚೀಟಿ ಹಚ್ಚಿ, ಬೇವಿನ ಎಲೆ ಹಾಕಿ ಕಟ್ಟಿಡುತ್ತೇವೆ. ಚೀಲದ ಮೇಲೆ 22, 24, 26 ಅಂತ ದೊಡ್ಡದಾಗಿ ಬರೆದಿರುತ್ತದೆ. ವರ್ಷದ ಮಧ್ಯೆ ಗುಡಿಸಲಿಗೆ ಬೆಂಕಿ ಬಿತ್ತು, ಮನೆಗೆ ನೀರು ನುಗ್ಗಿತು ಎಂಬ ಫೋನ್ ಬಂದರೆ ಆ ಚೀಲಗಳೇ ಹೋಗುತ್ತವೆ. ಈಗ ಕೈಯಲ್ಲಿರುವುದರಲ್ಲಿ 24ರವರೆಗಿನದ್ದು ಸಾಕಷ್ಟಿದೆ. 30, 32, 34 ಬೇಕು, ಹುಡುಗಿಯರದ್ದು ಹೆಚ್ಚಾಗಿ ಬೇಕು.